ದಸರಾ ರಜೆಯ ಟ್ರಿಪ್ ಕ್ಯಾನ್ಸಲ್ ಆಯ್ತು: ಗಂಡನ ಕ್ಲೈಮ್ ಪಾಸ್, ನನ್ನದು ಮಗಳದು ರಿಜೆಕ್ಟ್. ಮುಂದೇನು?

ಬಿಸಿಲುಮಚ್ಚು, ಮೈಸೂರು · ನವೆಂಬರ್ 14, 2025

ನಮಸ್ಕಾರ. ಇಲ್ಲಿ ಓದುತ್ತಿದ್ದುದೇ ಜಾಸ್ತಿ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಕುವೆಂಪುನಗರದಲ್ಲಿ ಇರುವುದು. ನಾನು, ನಮ್ಮವರು, ಒಂಬತ್ತು ವರ್ಷದ ಮಗಳು, ಅತ್ತೆ. ದಸರಾ ರಜೆಗೆ ಮೂರು ಜನ ವಿಯೆಟ್ನಾಂಗೆ ಹೋಗುವುದು ಅಂತ ಆಗಸ್ಟ್‌ನಲ್ಲೇ ನಿಕ್ಕಿ ಮಾಡಿದ್ದೆವು. ಸೆಪ್ಟೆಂಬರ್ 27ಕ್ಕೆ ಬೆಂಗಳೂರಿಂದ ವಿಮಾನ. ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಬರುವುದು ಅಂತ ಮಾತಾಗಿತ್ತು. ಟಿಕೆಟ್ ಮಾಡಿದ ದಿನವೇ ಟ್ರಾವೆಲ್ ಇನ್ಶೂರೆನ್ಸ್ ಕೂಡ ತೆಗೆದುಕೊಂಡೆವು.

ಸೆಪ್ಟೆಂಬರ್ 21, ಮಹಾಲಯ ಅಮಾವಾಸ್ಯೆ. ಮಾವನವರಿಗೆ ಎಡೆ ಇಡಬೇಕು ಅಂತ ಅತ್ತೆ ಬೆಳಿಗ್ಗೆ ಐದಕ್ಕೇ ಸ್ನಾನಕ್ಕೆ ಹೋದರು. ದಡ್ ಅಂತ ಸದ್ದು. ಓಡಿ ಹೋಗಿ ನೋಡಿದರೆ ಬಚ್ಚಲ ಬಾಗಿಲಿಗೆ ಅಡ್ಡ ಬಿದ್ದಿದ್ದಾರೆ, ಬಾಗಿಲು ಒಳಗೆ ತಳ್ಳುವುದಕ್ಕೂ ಆಗುತ್ತಿಲ್ಲ. ಸೊಂಟದ ಹತ್ತಿರ ತೊಡೆ ಮೂಳೆ ಮುರಿದಿತ್ತು. 23ಕ್ಕೆ ಆಪರೇಷನ್. ಅವತ್ತು ಸಂಜೆ ಆಸ್ಪತ್ರೆ ಕಾರಿಡಾರಿನಲ್ಲಿ ಕೂತು ಮೊಬೈಲ್‌ನಲ್ಲೇ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಏಜೆಂಟರಿಗೆ ಫೋನ್ ಮಾಡಿ ಹೋಟೆಲ್ ಕ್ಯಾನ್ಸಲ್ ಮಾಡಿಸಿದೆ. ಇನ್ಶೂರೆನ್ಸ್ ಕಂಪನಿಗೂ ಅವತ್ತೇ ಮೇಲ್ ಹಾಕಿದೆ.

ಲೆಕ್ಕ ಹೀಗಿದೆ. ವಿಮಾನ ಟಿಕೆಟ್ 31,400ರಂತೆ ಮೂರಕ್ಕೆ 94,200. ಅದರಲ್ಲಿ ವಾಪಸ್ ಬಂದಿದ್ದು 12,450 ಮಾತ್ರ. ಹೋಟೆಲು, ಓಡಾಟ ಸೇರಿ ಏಜೆಂಟರಿಗೆ ಕೊಟ್ಟಿದ್ದು 68,000, ಬಂದಿದ್ದು 16,000. ಒಟ್ಟು ಕೈ ಬಿಟ್ಟಿದ್ದು 1,33,750. ವೀಸಾಗೆ ತಲಾ 25 ಡಾಲರ್ ಕಟ್ಟಿದ್ದು ಬೇರೆ. ಅದು ಸಿಗಲ್ಲ ಅಂತ ಮೊದಲೇ ಗೊತ್ತಿತ್ತು, ಕೇಳಲೂ ಇಲ್ಲ.

ಮೊನ್ನೆ 12ಕ್ಕೆ ಕಂಪನಿಯಿಂದ ಪತ್ರ ಬಂತು. ನಮ್ಮವರ ಪಾಲು 44,583ರಲ್ಲಿ 50 ಡಾಲರ್ ಮುರಿದುಕೊಂಡು 40,183 ಕೊಡುತ್ತಾರಂತೆ. ನನ್ನದೂ ಮಗಳದೂ ರಿಜೆಕ್ಟ್! ಕಾರಣ ಏನು ಗೊತ್ತಾ? ಅತ್ತೆ ನನಗೆ ‘ಹತ್ತಿರದ ಕುಟುಂಬ’ ಅಲ್ಲವಂತೆ. ಅಜ್ಜಿ ಮೊಮ್ಮಗಳಿಗೂ ಅಲ್ಲವಂತೆ. ಹಾಗಾದರೆ ಅತ್ತೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು, ಗಂಡನನ್ನು ಕಾವಲಿಗೆ ಕೂರಿಸಿ, ನಾನೂ ಮಗಳೂ ವಿಮಾನ ಹತ್ತಬೇಕಿತ್ತಾ?

ಇದಕ್ಕೆ ಏನಾದರೂ ದಾರಿ ಇದೆಯಾ?

ಗುತ್ತಲು ರೋಡ್, ಮಂಡ್ಯ · ನವೆಂಬರ್ 14

ಅಕ್ಕಾ, ಮೂರರಲ್ಲಿ ಒಂದು ಬಂತಲ್ಲ, ದೇವರ ದಯೆ ಅಂದುಕೊಂಡು ಬಿಟ್ಟುಬಿಡಿ. ಇನ್ಶೂರೆನ್ಸ್‌ನವರು ದುಡ್ಡು ತೆಗೆದುಕೊಳ್ಳುವಾಗ ಬೀಗರು, ಕೊಡುವಾಗ ದಾಯಾದಿಗಳು.

ಕುಕ್ಕರಹಳ್ಳಿ ವಾಕರ್ · ನವೆಂಬರ್ 14

ಮೊದಲು ಅತ್ತೆ ಹುಷಾರಾಗಲಿ.

ನನ್ನದೊಂದು ಅನುಭವ ಹೇಳುತ್ತೇನೆ, ನಿಮಗೆ ನೇರ ಉಪಯೋಗ ಇಲ್ಲ. ಎರಡು ವರ್ಷದ ಹಿಂದೆ ಯುರೋಪ್ ಅಂತ ಹೊರಟಿದ್ದೆವು. ವೀಸಾನೇ ಕೊಡಲಿಲ್ಲ. ‘ಇನ್ಶೂರೆನ್ಸ್ ಇದೆಯಲ್ಲ’ ಅಂತ ಧೈರ್ಯವಾಗಿದ್ದೆ. ಕ್ಲೈಮ್ ಹಾಕಿದಾಗ ಗೊತ್ತಾಯ್ತು, ನನ್ನ ಹತ್ತಿರ ಇದ್ದಿದ್ದು ವೀಸಾ ಅರ್ಜಿಗೆ ಲಗತ್ತಿಸೋಕೆ ಅಂತ ತೆಗೆದುಕೊಂಡ ಅಗ್ಗದ ಪಾಲಿಸಿ. ಷೆಂಗೆನ್ ದೇಶಗಳು ಕೇಳುವುದು ಕನಿಷ್ಠ 30,000 ಯೂರೋ ಮೆಡಿಕಲ್ ಕವರ್, ಅಷ್ಟೇ. ಅದರಲ್ಲಿ ಟ್ರಿಪ್ ಕ್ಯಾನ್ಸಲೇಷನ್ ಅನ್ನುವ ಸೆಕ್ಷನ್ನೇ ಇರಲಿಲ್ಲ. ಇದ್ದಿದ್ದರೂ ವೀಸಾ ನಿರಾಕರಣೆ ಸಾಮಾನ್ಯವಾಗಿ ಹೊರಗೇ ಇರುತ್ತದಂತೆ, ಬೇಕಾದರೆ ಬೇರೆ ಆಡ್-ಆನ್, ಅಂದರೆ ಹೆಚ್ಚುವರಿ ಕವರ್, ಹಾಕಿಸಬೇಕು. ಸುಮ್ನೆ ಪ್ರೀಮಿಯಂ ಕಡಿಮೆ ಇದೆ ಅಂತ ತೆಗೆದುಕೊಂಡವನು ನಾನೇ, ಯಾರನ್ನು ಬೈಯಲಿ.

ಸಕ್ಕರೆ ಲೆಕ್ಕ, ಮಂಡ್ಯ · ನವೆಂಬರ್ 14

ತಾಯಿ, ನಾನು 31 ವರ್ಷ ಒಂದು ವಿಮಾ ಕಂಪನಿಯ ಕ್ಲೈಮ್ ವಿಭಾಗದಲ್ಲೇ ಕೂದಲು ಉದುರಿಸಿಕೊಂಡವನು. ಈಗ ನಿವೃತ್ತ. ಬಿಡಬೇಡಿ.

ಒಂದು ಕೆಲಸ ಮಾಡಿ. ಪಾಲಿಸಿ ಜೊತೆ ಮೂವತ್ತು ನಲವತ್ತು ಪುಟದ ಪಿಡಿಎಫ್ ಬಂದಿರುತ್ತದೆ, ಯಾರೂ ತೆರೆಯದ ಪಿಡಿಎಫ್. ಅದರಲ್ಲಿ ಮೊದಲ ಕೆಲವು ಪುಟ ಬರೀ ಪದಗಳ ಅರ್ಥ. ಅಲ್ಲಿ ಎರಡು ಪದ ಹುಡುಕಿ: ‘ಇಮ್ಮೀಡಿಯೇಟ್ ಫ್ಯಾಮಿಲಿ’ ಮತ್ತು ‘ಟ್ರಾವೆಲಿಂಗ್ ಕಂಪ್ಯಾನಿಯನ್’. ಆಮೇಲೆ ಟ್ರಿಪ್ ಕ್ಯಾನ್ಸಲೇಷನ್ ಸೆಕ್ಷನ್‌ಗೆ ಹೋಗಿ. ಯಾವ ಯಾವ ಕಾರಣಕ್ಕೆ ಕೊಡುತ್ತಾರೆ ಅಂತ ಪಟ್ಟಿ ಇರುತ್ತದೆ. ಆ ಮೂರನ್ನೂ ಅಕ್ಷರಕ್ಕೆ ಅಕ್ಷರ ಓದಿ, ಅರ್ಥ ಇಲ್ಲಿ ಹಾಕಿ. ನೆನಪಿಂದ ಬರೆಯಬೇಡಿ, ನೋಡಿಕೊಂಡು ಬರೆಯಿರಿ.

ಇನ್ನೊಂದು. ರಿಜೆಕ್ಟ್ ಪತ್ರದಲ್ಲಿ ಯಾವ ಷರತ್ತಿನ ಪ್ರಕಾರ ಅಂತ ನಂಬರ್ ಹಾಕಿದ್ದಾರಾ? ಕಾರಣವನ್ನು ಪಾಲಿಸಿಯ ಷರತ್ತು ತೋರಿಸಿ ಲಿಖಿತವಾಗಿ ಕೊಡಬೇಕಾದ್ದು ಅವರ ಕರ್ತವ್ಯ. ‘ಪಾಲಿಸಿಯ ನಿಯಮದಂತೆ’ ಅಂತ ಒಂದು ಸಾಲು ಗೀಚಿ ಕಳಿಸಿದರೆ ಅದು ಉತ್ತರ ಅಲ್ಲ.

ಬೆಲ್ಲದಚ್ಚು · ನವೆಂಬರ್ 15

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಸಾರಿ. ನಾನು ಟ್ರೈನ್ ಟಿಕೆಟ್ ಮಾಡುವಾಗ ಇನ್ಶೂರೆನ್ಸ್ ಅಂತ ಟಿಕ್ ಮಾಡಿದ್ದೆ. ಹೋಗಲಿಲ್ಲ, ಟಿಕೆಟ್ ಕ್ಯಾನ್ಸಲ್ ಮಾಡಿದೆ. ಮುರಿದುಕೊಂಡ ದುಡ್ಡು ಅದರಲ್ಲಿ ಸಿಗುತ್ತಾ?

ಸಕ್ಕರೆ ಲೆಕ್ಕ, ಮಂಡ್ಯ · ನವೆಂಬರ್ 15

45 ಪೈಸೆಗೆ ಅಷ್ಟೆಲ್ಲಾ ಆಸೆ ಪಡಬಾರದು ಮಾರಾಯರೇ. ಅದು ರೈಲು ಅಪಘಾತಕ್ಕೆ. ಪ್ರಾಣ ಹೋದರೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ. ಕ್ಯಾನ್ಸಲೇಷನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೆ ಟಿಕ್ ಮಾಡುವುದನ್ನು ಬಿಡಬೇಡಿ. ಟಿಕ್ ಮಾಡಿದ ಮೇಲೆ ಮೊಬೈಲ್‌ಗೆ ಬರುವ ಲಿಂಕ್‌ನಲ್ಲಿ ನಾಮಿನಿ ಹೆಸರು ತುಂಬಿ. ಎಷ್ಟೋ ಜನ ಅದನ್ನು ಖಾಲಿ ಬಿಡುತ್ತಾರೆ.

ಬಿಸಿಲುಮಚ್ಚು, ಮೈಸೂರು · ನವೆಂಬರ್ 15

ಸರ್, ಪಿಡಿಎಫ್ 46 ಪುಟ. ರಾತ್ರಿ ಮಗಳು ಮಲಗಿದ ಮೇಲೆ ಕೂತು ಓದಿದೆ. ನೀವು ಹೇಳಿದ ಮೂರೂ ಸಿಕ್ಕವು. ಇಂಗ್ಲಿಷ್‌ನಲ್ಲಿದೆ, ನನಗೆ ಅರ್ಥ ಆದಂತೆ ಕನ್ನಡದಲ್ಲಿ ಹಾಕುತ್ತೇನೆ.

ಇಮ್ಮೀಡಿಯೇಟ್ ಫ್ಯಾಮಿಲಿ ಅಂದರೆ ವಿಮೆ ಮಾಡಿಸಿದವರ ಗಂಡ ಅಥವಾ ಹೆಂಡತಿ, ಅವಲಂಬಿತ ಮಕ್ಕಳು, ತಂದೆ ತಾಯಿ. ಅಷ್ಟೇ. ಅತ್ತೆ ಮಾವ ಇಲ್ಲ, ಅಜ್ಜ ಅಜ್ಜಿ ಇಲ್ಲ, ಒಡಹುಟ್ಟಿದವರೂ ಇಲ್ಲ. ಪತ್ರದಲ್ಲಿ ತೋರಿಸಿರುವುದು ಇದೇ ಷರತ್ತನ್ನು.

ಟ್ರಾವೆಲಿಂಗ್ ಕಂಪ್ಯಾನಿಯನ್ ಅಂದರೆ ವಿಮೆ ಮಾಡಿಸಿದವರ ಜೊತೆ ಅದೇ ಪ್ರಯಾಣಕ್ಕೆ ಬುಕ್ ಆಗಿರುವ ವ್ಯಕ್ತಿ.

ಕ್ಯಾನ್ಸಲೇಷನ್ ಸೆಕ್ಷನ್‌ನಲ್ಲಿ ಎರಡನೇ ಕಾರಣ ಹೀಗಿದೆ: ವಿಮೆ ಮಾಡಿಸಿದವರ, ಅಥವಾ ಟ್ರಾವೆಲಿಂಗ್ ಕಂಪ್ಯಾನಿಯನ್‌ನ, ಇಮ್ಮೀಡಿಯೇಟ್ ಫ್ಯಾಮಿಲಿ ಸದಸ್ಯರು ಪ್ರಯಾಣಕ್ಕೆ ಮುಂಚೆ ಸಾವನ್ನಪ್ಪಿದರೆ ಅಥವಾ ಗಂಭೀರ ಕಾಯಿಲೆ, ಗಾಯದಿಂದ ಆಸ್ಪತ್ರೆ ಸೇರಿದರೆ.

ಇದನ್ನು ಬರೆಯುತ್ತಾ ಬರೆಯುತ್ತಾ ನನಗೇ ಏನೋ ಹೊಳೆಯಿತು. ನಾನು ಅಂದುಕೊಂಡಿದ್ದು ಸರೀನಾ?

ಸಕ್ಕರೆ ಲೆಕ್ಕ, ಮಂಡ್ಯ · ನವೆಂಬರ್ 15

ಸರಿಯಾಗಿಯೇ ಹೊಳೆದಿದೆ! ನಿಮ್ಮ ಕೇಸು ಅಲ್ಲೇ ಇದೆ.

ಬಿಡಿಸಿ ಹೇಳುತ್ತೇನೆ, ಬೇರೆಯವರಿಗೂ ಆಗಲಿ. ಪಾಲಿಸಿ ಒಂದೇ ಆದರೂ ಮೂರು ಜನರ ಲೆಕ್ಕ ಬೇರೆ ಬೇರೆ. ನಿಮ್ಮ ಯಜಮಾನರಿಗೆ ಬಿದ್ದವರು ಹೆತ್ತ ತಾಯಿ. ಹಾಗಾಗಿ ಅವರದು ಸುಲಭವಾಗಿ ಪಾಸ್. ನಿಮ್ಮ ಫೈಲ್ ಬಂದಾಗ ಕೂತವರು ಏನು ಮಾಡಿದರು? ‘ಸಂಬಂಧ: ಅತ್ತೆ’ ಅಂತ ನೋಡಿದರು. ಪಟ್ಟಿ ನೋಡಿದರು. ಇಲ್ಲ. ರಿಜೆಕ್ಟ್. ಮಗುವಿನದು ‘ಅಜ್ಜಿ’. ಇಲ್ಲ. ರಿಜೆಕ್ಟ್. ಸೆಕ್ಷನ್‌ನ ಅರ್ಧ ವಾಕ್ಯ ಮಾತ್ರ ಓದಿದ್ದಾರೆ. ‘ಅಥವಾ ಟ್ರಾವೆಲಿಂಗ್ ಕಂಪ್ಯಾನಿಯನ್‌ನ’ ಅನ್ನುವುದನ್ನು ಓದಿಲ್ಲ, ಇಲ್ಲವೇ ಓದಿಯೂ ಸುಮ್ಮನಿದ್ದಾರೆ. ಎರಡನ್ನೂ ನಾನು ಕಣ್ಣಾರೆ ನೋಡಿದ್ದೇನೆ, ಯಾವುದು ಅಂತ ಹೇಳಲಾರೆ.

ನಿಮ್ಮ ಯಜಮಾನರು ನಿಮಗೆ ಗಂಡ ಹೌದು. ಆದರೆ ಈ ಪತ್ರದಲ್ಲಿ ಅವರನ್ನು ಗಂಡ ಅಂತ ಬರೆಯಬೇಡಿ. ಟ್ರಾವೆಲಿಂಗ್ ಕಂಪ್ಯಾನಿಯನ್ ಅಂತಲೇ ಬರೆಯಿರಿ. ಕಂಪ್ಯಾನಿಯನ್‌ನ ತಾಯಿ ಆಸ್ಪತ್ರೆ ಸೇರಿದ್ದಾರೆ. ಮುಗೀತು. ಮಗುವಿಗೂ ಅದೇ.

‘ಕುಟುಂಬದವರೇ ಆದರೆ ಕಂಪ್ಯಾನಿಯನ್ ಆಗಲ್ಲ’ ಅಂತ ಅವರು ವಾದ ಮಾಡಬಹುದು. ಕೆಲವು ಪಾಲಿಸಿಗಳಲ್ಲಿ ಹಾಗೆ ಬರೆದೇ ಇರುತ್ತಾರೆ. ನೀವು ಹಾಕಿರುವ ವಾಕ್ಯದಲ್ಲಿ ಅದು ಇಲ್ಲ. ವಿಮಾ ಕರಾರಿನಲ್ಲಿ ಒಂದು ಮಾತಿಗೆ ಎರಡು ಅರ್ಥ ಬರುವಂತಿದ್ದರೆ ಅದನ್ನು ಬರೆದವರಿಗೆ ವಿರುದ್ಧವಾಗಿ, ಅಂದರೆ ಕಂಪನಿಗೆ ವಿರುದ್ಧವಾಗಿ ಓದಬೇಕು ಅಂತ ಕೋರ್ಟುಗಳು ಹಿಂದಿನಿಂದಲೂ ಹೇಳುತ್ತಾ ಬಂದಿವೆ. ಅದನ್ನು ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಹಾಕಿ, ಜಾಸ್ತಿ ಬೇಡ.

ಪತ್ರ ಹೋಗಬೇಕಾದ್ದು ಕಾಲ್ ಸೆಂಟರ್‌ಗೆ ಅಲ್ಲ. ಪ್ರತಿ ಕಂಪನಿಯಲ್ಲೂ ಗ್ರೀವನ್ಸ್ ಆಫೀಸರ್, ಅಂದರೆ ದೂರು ನೋಡುವ ಅಧಿಕಾರಿ, ಇರುತ್ತಾರೆ, ಮೇಲ್ ವಿಳಾಸ ಪಾಲಿಸಿಯ ಕೊನೆ ಪುಟದಲ್ಲಿ ಇರುತ್ತದೆ. ಎರಡು ವಾರದಲ್ಲಿ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ ಮೆಟ್ಟಿಲು ಹೇಳುತ್ತೇನೆ. ಈಗಲೇ ಎಲ್ಲಾ ಹೇಳಿ ತಲೆ ಕೆಡಿಸಲ್ಲ.

ಗುತ್ತಲು ರೋಡ್, ಮಂಡ್ಯ · ನವೆಂಬರ್ 15

ಗಂಡನನ್ನು ‘ಸಹ ಪ್ರಯಾಣಿಕ’ ಅಂತ ಬರೆದರೆ 80 ಸಾವಿರ ಬರುತ್ತೆ ಅಂದರೆ ನಮ್ಮ ಮನೆಯವಳು ನಾಳೆಯೇ ಬರೆದು ಕೊಡುತ್ತಾಳೆ.

ಬಿಸಿಲುಮಚ್ಚು, ಮೈಸೂರು · ನವೆಂಬರ್ 15

ಹ್ಹಹ್ಹ. ನಮ್ಮವರಿಗೆ ಓದಿ ಹೇಳಿದೆ. ‘ಹನ್ನೆರಡು ವರ್ಷದಿಂದ ಅದೇ ಅಲ್ವಾ’ ಅಂದರು.

ಅಗ್ರಹಾರ ಸರ್ಕಲ್ · ನವೆಂಬರ್ 16

ನಾನು ಮೈಸೂರಲ್ಲಿ ಸಣ್ಣದೊಂದು ಟ್ರಾವೆಲ್ ಏಜೆನ್ಸಿ ನಡೆಸುತ್ತೇನೆ. ನಮ್ಮ ಕಡೆಯಿಂದಲೂ ಎರಡು ಮಾತು. ಇಂಥ ಕ್ಲೈಮ್‌ಗಳು ಅರ್ಧಕ್ಕರ್ಧ ನಿಲ್ಲುವುದು ನಮ್ಮಂಥವರು ಕೊಡುವ ಕಾಗದದಲ್ಲಿ. ಒಪ್ಪಿಕೊಳ್ಳುತ್ತೇನೆ.

ಗಿರಾಕಿ ಬಂದು ‘ಒಂದು ಕ್ಯಾನ್ಸಲೇಷನ್ ಲೆಟರ್ ಕೊಡಿ’ ಅನ್ನುತ್ತಾರೆ. ನಮ್ಮ ಹುಡುಗ ಲೆಟರ್‌ಹೆಡ್‌ನಲ್ಲಿ ‘ಹಣ ವಾಪಸ್ ಬರುವುದಿಲ್ಲ’ ಅಂತ ಒಂದೇ ಸಾಲು ಹೊಡೆದು ಸೀಲ್ ಒತ್ತಿ ಕೊಡುತ್ತಾನೆ. ಅದು ಕಸದ ಬುಟ್ಟಿಗೆ. ಕಂಪನಿಗೆ ಬೇಕಾಗಿರುವುದು ಯಾವ ಹೋಟೆಲ್, ಯಾವ ದಿನ, ಯಾರ ಯಾರ ಹೆಸರಲ್ಲಿ, ಎಷ್ಟು ಕಟ್ಟಿದರು, ಯಾವತ್ತು ಕ್ಯಾನ್ಸಲ್ ಮಾಡಿದರು, ಎಷ್ಟು ವಾಪಸ್ ಬಂತು, ಎಷ್ಟು ಮುಳುಗಿತು. ಹೋಟೆಲ್‌ನವರ ಮೇಲ್ ಕೂಡ ಜೊತೆಗೆ ಬೇಕು. ದುಡ್ಡು ಬ್ಯಾಂಕ್ ಮೂಲಕ ಹೋಗಿದ್ದರೆ ಸ್ಟೇಟ್‌ಮೆಂಟ್. ಕ್ಯಾಷ್ ಕೊಟ್ಟು ರಸೀದಿ ಇಲ್ಲ ಅಂದರೆ ನಾವೂ ಏನೂ ಮಾಡಲಾಗಲ್ಲ, ಅವರೂ ನಂಬಲ್ಲ.

ವಿಮಾನದ ವಿಷಯ ಇನ್ನೊಂದು. ‘ನಾನ್ ರಿಫಂಡೆಬಲ್’ ಟಿಕೆಟ್ ಅಂದ ತಕ್ಷಣ ಎಲ್ಲಾ ಹೋಯ್ತು ಅಂದುಕೊಳ್ಳಬೇಡಿ. ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ಕ್ಯಾನ್ಸಲೇಷನ್ ಚಾರ್ಜು ಮೂಲ ದರ ಮತ್ತು ಇಂಧನ ಸರ್‌ಚಾರ್ಜ್‌ನ ಮೊತ್ತ ಮೀರುವಂತಿಲ್ಲ. ಸರ್ಕಾರದ ತೆರಿಗೆ, ವಿಮಾನ ನಿಲ್ದಾಣದ ಬಳಕೆ ಶುಲ್ಕ ಇವನ್ನೆಲ್ಲ ವಾಪಸ್ ಕೊಡಬೇಕು. ಹೋಗದೇ ಇದ್ದರೂ, ಕ್ಯಾನ್ಸಲ್ ಮಾಡದೇ ಸುಮ್ಮನಿದ್ದರೂ ಆ ಶುಲ್ಕ ನಿಮಗೆ ವಾಪಸ್ ಬರಬೇಕಾದ್ದೇ. ಆದರೆ ಕೇಳಬೇಕು. ಬಿಸಿಲುಮಚ್ಚು ಅವರಿಗೆ ಬಂದ 12,450 ಅದೇ ಇರಬೇಕು.

ಇದನ್ನು ಯಾಕೆ ಹೇಳಿದೆ ಅಂದರೆ, ವಿಮಾ ಕಂಪನಿ ಕೊಡುವುದು ನಿಮಗೆ ನಿಜವಾಗಿ ಮುಳುಗಿದ ದುಡ್ಡು ಮಾತ್ರ. ಏರ್‌ಲೈನ್‌ನಿಂದ ಬರಬಹುದಾಗಿದ್ದನ್ನು ನೀವು ಕೇಳದೇ ಬಿಟ್ಟರೆ ಅದನ್ನೂ ಮುರಿದುಕೊಳ್ಳುತ್ತಾರೆ. ಅದಕ್ಕೇ ಪೂರ್ತಿ ಬಿಡಿಲೆಕ್ಕ ಇರುವ ಕ್ಯಾನ್ಸಲೇಷನ್ ಪ್ರತಿ ಏರ್‌ಲೈನ್‌ನಿಂದಲೇ ತೆಗೆಸಿ. ಬುಕಿಂಗ್ ಆ್ಯಪ್‌ನ ಸ್ಕ್ರೀನ್‌ಶಾಟ್ ಸಾಕಾಗಲ್ಲ.

ಹಾಂ, ಆ್ಯಪ್‌ಗಳಲ್ಲಿ ಟಿಕೆಟ್ ಮಾಡುವಾಗ ‘ಫ್ರೀ ಕ್ಯಾನ್ಸಲೇಷನ್’ ಅಂತ ಒಂದಿಷ್ಟು ದುಡ್ಡು ಸೇರಿಸುತ್ತಾರಲ್ಲ, ಅದು ಬೇರೆಯೇ ಪ್ರಾಣಿ. ಆ್ಯಪ್‌ನವರು ಹಾಕಿದ ಗಡುವು, ಅವರು ಹಾಕಿದ ಮಿತಿ. ಅದನ್ನು ಇನ್ಶೂರೆನ್ಸ್ ಅಂತ ತಿಳಿದು ಬರುವವರು ವಾರಕ್ಕೊಬ್ಬರಾದರೂ ಇರುತ್ತಾರೆ.

ಬಿಸಿಲುಮಚ್ಚು, ಮೈಸೂರು · ನವೆಂಬರ್ 16

ಅಯ್ಯೋ, ನೀವು ಹೇಳಿದ್ದು ನನಗೇ ಆಗಿದ್ದು. ಅಕ್ಟೋಬರ್ 6ಕ್ಕೆ ನಾನು ಮೊದಲು ಕಳಿಸಿದ್ದು ಆ ಒಂದು ಸಾಲಿನ ಲೆಟರ್ರೇ. 15ಕ್ಕೆ ವಾಪಸ್ ಪ್ರಶ್ನೆ ಬಂತು. ಏಜೆಂಟರ ಹತ್ತಿರ ಮೂರು ಸಲ ಓಡಾಡಿದೆ. ಹಬ್ಬ ಮುಗಿಯಲಿ ಮೇಡಂ, ದೀಪಾವಳಿ ಮುಗಿಯಲಿ ಮೇಡಂ. 24ಕ್ಕೆ ಸರಿಯಾದ ಲೆಟರ್ ಸಿಕ್ಕಿತು.

ಆಸ್ಪತ್ರೆ ಕಾಗದದಲ್ಲೂ ಒಂದು ಫಜೀತಿ. ಅತ್ತೆಗೆ ಶುಗರ್, ಬಿಪಿ ಎರಡೂ ಇದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೇಲೆಯೇ ದಪ್ಪಕ್ಷರದಲ್ಲಿ ಅದೇ ಇತ್ತು. ಬಿದ್ದಿದ್ದು ಎಲ್ಲೋ ಕೆಳಗೆ ಒಂದು ಗೆರೆ. ಕಂಪನಿಯವರು ‘ಹಳೇ ಕಾಯಿಲೆಯ ದಾಖಲೆ ಕಳಿಸಿ’ ಅಂದರು. ಆಗ ಎದೆ ಧಸಕ್ಕೆಂದಿತು.

ಸಕ್ಕರೆ ಲೆಕ್ಕ, ಮಂಡ್ಯ · ನವೆಂಬರ್ 16

ಕೇಳುವುದು ಸಹಜ. ಮೊದಲೇ ಇದ್ದ ಕಾಯಿಲೆಯಿಂದ ಟ್ರಿಪ್ ತಪ್ಪಿದರೆ ಬಹುಪಾಲು ಪಾಲಿಸಿಗಳಲ್ಲಿ ಕೊಡಲ್ಲ. ಜಾರಿ ಬಿದ್ದು ಮೂಳೆ ಮುರಿಯುವುದು ಕಾಯಿಲೆ ಅಲ್ಲ, ಅಪಘಾತ. ಡಾಕ್ಟರ ಹತ್ತಿರ ಬೇರೆ ಸರ್ಟಿಫಿಕೇಟ್ ಕೇಳಿ. ಅದರಲ್ಲಿ ಮೂರು ವಿಷಯ ಇದ್ದರೆ ಸಾಕು: ಮನೆಯಲ್ಲಿ ಜಾರಿ ಬಿದ್ದದ್ದು ಯಾವ ದಿನ, ಅದರಿಂದಲೇ ಮೂಳೆ ಮುರಿದದ್ದು, ಆಸ್ಪತ್ರೆಯಲ್ಲಿ ಇದ್ದದ್ದು ಯಾವಾಗಿಂದ ಯಾವಾಗಿನವರೆಗೆ. ‘ವಿಶ್ರಾಂತಿ ಬೇಕು’ ಅನ್ನುವ ಸರ್ಟಿಫಿಕೇಟ್ ನಮ್ಮ ಟೇಬಲ್‌ಗೆ ದಿನಕ್ಕೆ ಹತ್ತು ಬರುತ್ತಿದ್ದವು. ಅದರ ಮೇಲೆ ಯಾರೂ ದುಡ್ಡು ಕೊಡಲ್ಲ.

ಸುಳ್ಳು ಬರೆಸಬೇಡಿ. ಶುಗರ್ ಇದೆ ಅಂತ ಇರಲಿ ಬಿಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಇದ್ದ ಕೇಸೂ ಹೋಗುತ್ತದೆ.

ಪಶ್ಚಿಮವಾಹಿನಿ · ನವೆಂಬರ್ 17

ನಾವು ಶ್ರೀರಂಗಪಟ್ಟಣದವರು. ಈ ವರ್ಷ ಏಪ್ರಿಲ್ 28ಕ್ಕೆ ಕಾಶ್ಮೀರಕ್ಕೆ ಹೊರಟಿದ್ದೆವು, ಎಂಟು ಜನ. 22ಕ್ಕೆ ಪಹಲ್ಗಾಮ್‌ನಲ್ಲಿ ಆ ದಾಳಿ ನಡೆಯಿತು. 26 ಜನ ಹೋದರು, ನಮ್ಮ ರಾಜ್ಯದವರೂ ಇದ್ದರು. ಮನೆಯಲ್ಲಿ ಯಾರಿಗೂ ಹೋಗುವ ಮನಸ್ಸು ಇರಲಿಲ್ಲ. ಕ್ಯಾನ್ಸಲ್.

ವಿಮಾನದ್ದು ಪೂರ್ತಿ ಬಂತು. ಅದು ಇನ್ಶೂರೆನ್ಸ್‌ನಿಂದ ಅಲ್ಲ. ದೊಡ್ಡ ಏರ್‌ಲೈನ್‌ಗಳೇ ಏಪ್ರಿಲ್ 30ರವರೆಗಿನ ಶ್ರೀನಗರ ಟಿಕೆಟ್‌ಗಳಿಗೆ ಚಾರ್ಜ್ ಬಿಟ್ಟಿದ್ದವು. ಹೌಸ್‌ಬೋಟ್‌ನವರು ಮುಂದಿನ ವರ್ಷ ಬನ್ನಿ, ಅಡ್ವಾನ್ಸ್ ಹಾಗೇ ಇಟ್ಟಿರುತ್ತೇವೆ ಅಂದರು. ಪಾಪ, ಅವರ ಹೊಟ್ಟೆಪಾಡೇ ಹೋಗಿತ್ತು, ಕೇಳೋಕೆ ನನಗೇ ಸಂಕೋಚ ಆಯ್ತು. ಉಳಿದ ಹೋಟೆಲ್ ದುಡ್ಡಿಗೆ ಇನ್ಶೂರೆನ್ಸ್ ಕೇಳಿದೆ. ‘ಭಯದಿಂದ ನೀವಾಗಿಯೇ ಬಿಟ್ಟಿದ್ದು, ನಮ್ಮ ಪಟ್ಟಿಯಲ್ಲಿ ಇಲ್ಲ’ ಅಂದರು. ಪಾಲಿಸಿ ನೋಡಿದೆ. ನಿಜವಾಗಿಯೂ ಇರಲಿಲ್ಲ. ಸುಮ್ಮನಾದೆ.

ಸಕ್ಕರೆ ಲೆಕ್ಕ, ಮಂಡ್ಯ · ನವೆಂಬರ್ 17

ನೀವು ನೋಡಿ ಸುಮ್ಮನಾದಿರಿ, ಅದು ಸರಿ. ಈ ಸೆಕ್ಷನ್ ಇರುವುದೇ ಹಾಗೆ. ಪಟ್ಟಿಯಲ್ಲಿ ಇರುವ ಕಾರಣಕ್ಕೆ ಮಾತ್ರ ಕೊಡುತ್ತಾರೆ. ಮನಸ್ಸಿಲ್ಲ, ರಜೆ ಸಿಗಲಿಲ್ಲ, ಮದುವೆ ಮುಂದಕ್ಕೆ ಹೋಯ್ತು, ಮಳೆ ಜಾಸ್ತಿ ಅಂತೆ, ಇವು ಯಾವುವೂ ಅಲ್ಲ. ‘ಯಾವುದೇ ಕಾರಣಕ್ಕೆ ಕ್ಯಾನ್ಸಲ್’ ಅನ್ನುವ ಆಡ್-ಆನ್ ಕೆಲವು ಕಡೆ ಸಿಗುತ್ತದೆ. ಪ್ರೀಮಿಯಂ ಜಾಸ್ತಿ, ಪೂರ್ತಿ ದುಡ್ಡೂ ಬರಲ್ಲ.

ಇನ್ನೂ ಒಂದು. ಘಟನೆ ಟಿವಿಯಲ್ಲಿ ಬಂದ ಮೇಲೆ ಪಾಲಿಸಿ ಮಾಡಿಸಿ ಕ್ಲೈಮ್ ಹಾಕುವವರು ಇದ್ದಾರೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ. ಪಾಲಿಸಿ ತಾರೀಕು ಮೊದಲು, ಘಟನೆ ಆಮೇಲೆ ಇರಬೇಕು.

ವಿಶ್ವೇಶ್ವರಯ್ಯ ಕಾಲುವೆ · ನವೆಂಬರ್ 18

ಒಂದು ಡೌಟು. ನಮ್ಮ ತಂದೆ ತೀರಿಕೊಂಡು ನಮ್ಮ ಟ್ರಿಪ್ ತಪ್ಪಿತು. ತಿಥಿ, ವೈಕುಂಠ ಸಮಾರಾಧನೆ ಎಲ್ಲಾ ಮುಗಿಸಿ ಇಪ್ಪತ್ತನೇ ದಿನಕ್ಕೆ ತಿಳಿಸಿದೆ. ‘ಏಳು ದಿನದ ಒಳಗೆ ತಿಳಿಸಬೇಕಿತ್ತು’ ಅಂತ ವಾಪಸ್ ಮಾಡಿದ್ದಾರೆ. ಮುಗೀತಾ ಕಥೆ?

ಸಕ್ಕರೆ ಲೆಕ್ಕ, ಮಂಡ್ಯ · ನವೆಂಬರ್ 18

ಮುಗಿದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆ ಇದೆ, 2011ರ ಸೆಪ್ಟೆಂಬರ್ 20ರದು. ತಡಕ್ಕೆ ತಪ್ಪಿಸಲಾಗದ ಕಾರಣ ಇದ್ದಾಗ, ಬರೀ ತಡ ಆಯ್ತು ಅಂತ ನಿಜವಾದ ಕ್ಲೈಮನ್ನು ತಿರಸ್ಕರಿಸಬಾರದು ಅಂತ ಅದರಲ್ಲಿದೆ. ತಂದೆಯ ಕರ್ಮ ಮಾಡಲು ಕೂತವನು ಮೇಲ್ ನೋಡುತ್ತಾನಾ? ಆ ತಾರೀಕು ಹಾಕಿ, ಮರಣ ಪ್ರಮಾಣಪತ್ರ ಇಟ್ಟು, ತಡಕ್ಕೆ ಕಾರಣ ಎರಡು ಸಾಲಿನಲ್ಲಿ ಬರೆದು ಗ್ರೀವನ್ಸ್ ಆಫೀಸರ್‌ಗೆ ಕಳಿಸಿ.

ಆದರೆ ಟಿಕೆಟ್ ಮತ್ತು ಹೋಟೆಲ್ ಕ್ಯಾನ್ಸಲ್ ಮಾಡಿದ್ದು ಯಾವಾಗ? ಅದು ತಡ ಆಗಿದ್ದರೆ ಬೇರೆ ತೊಂದರೆ. ಹೊರಡುವ ದಿನ ಹತ್ತಿರ ಬಂದಷ್ಟೂ ಚಾರ್ಜು ಏರುತ್ತದೆ. ಮೊದಲೇ ಮಾಡಿದ್ದರೆ ಎಷ್ಟು ಮುಳುಗುತ್ತಿತ್ತೋ ಅಷ್ಟೇ ಕೊಡುತ್ತೇವೆ ಅನ್ನಬಹುದು.

ವಿಶ್ವೇಶ್ವರಯ್ಯ ಕಾಲುವೆ · ನವೆಂಬರ್ 18

ಅದನ್ನು ತಮ್ಮ ಅವತ್ತೇ ಮಾಡಿದ್ದ. ಥ್ಯಾಂಕ್ಸ್ ಸರ್. ಬರೆಯುತ್ತೇನೆ.

ಬಿಸಿಲುಮಚ್ಚು, ಮೈಸೂರು · ಡಿಸೆಂಬರ್ 3

ನವೆಂಬರ್ 17ಕ್ಕೆ ಗ್ರೀವನ್ಸ್ ಆಫೀಸರ್‌ಗೆ ಮೇಲ್ ಹಾಕಿದೆ. ಒಂದೇ ಪುಟ. ಮೂರು ಜನ ಒಂದೇ ಪಿಎನ್‌ಆರ್‌ನಲ್ಲಿ ಇರುವ ಟಿಕೆಟ್, ಮೂರು ಹೆಸರಿರುವ ಹೋಟೆಲ್ ವೋಚರ್, ನಮ್ಮವರ ತಾಯಿ ಇವರೇ ಅನ್ನುವುದಕ್ಕೆ ದಾಖಲೆ, ಡಾಕ್ಟರ ಹೊಸ ಸರ್ಟಿಫಿಕೇಟ್. ಪಾಲಿಸಿಯ ಆ ವಾಕ್ಯದ ಕೆಳಗೆ ಹಳದಿ ಗೆರೆ ಎಳೆದು ಆ ಪುಟವನ್ನೂ ಇಟ್ಟೆ.

ಎರಡು ವಾರ ದಾಟಿ ಎರಡು ದಿನ ಆಯ್ತು. ‘ನಿಮ್ಮ ಮೇಲ್ ತಲುಪಿದೆ’ ಅನ್ನುವ ಆಟೋಮ್ಯಾಟಿಕ್ ಉತ್ತರ ಬಿಟ್ಟರೆ ಒಂದು ಅಕ್ಷರ ಇಲ್ಲ. ಕಾಲ್ ಸೆಂಟರ್‌ಗೆ ಫೋನ್ ಮಾಡಿದರೆ ‘ನಿಮ್ಮ ಕ್ಲೈಮ್ ಕ್ಲೋಸ್ ಆಗಿದೆ, ಒಂದು ಸೆಟಲ್ ಆಗಿದೆಯಲ್ಲ ಮೇಡಂ’ ಅಂತಾರೆ. ಸಾಕಾಗಿದೆ.

ಸಕ್ಕರೆ ಲೆಕ್ಕ, ಮಂಡ್ಯ · ಡಿಸೆಂಬರ್ 3

ಈಗ ಮುಂದಿನ ಮೆಟ್ಟಿಲು. ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್ ಇದೆ. ಅದರಲ್ಲಿ ದೂರು ಹಾಕಿ. ಆಗದಿದ್ದರೆ 155255ಕ್ಕೆ ಫೋನ್ ಮಾಡಿದರೂ ದೂರು ಬರೆದುಕೊಳ್ಳುತ್ತಾರೆ. ಪೋರ್ಟಲ್‌ನವರು ತೀರ್ಪು ಕೊಡಲ್ಲ, ಅದನ್ನು ತಿಳಿದುಕೊಳ್ಳಿ. ದೂರು ಕಂಪನಿಗೇ ಹೋಗುತ್ತದೆ. ಆದರೆ ಮೇಲಿನವರು ನೋಡುತ್ತಿದ್ದಾರೆ ಅನ್ನುವ ಭಯ ಇರುತ್ತದೆ. ನಮ್ಮ ಆಫೀಸಿನಲ್ಲಿ ಅಲ್ಲಿಂದ ಬಂದ ಫೈಲ್ ಅಂದರೆ ಊಟಕ್ಕೆ ಎದ್ದವರೂ ಕೂರುತ್ತಿದ್ದರು.

ಅದಕ್ಕೂ ಬಗ್ಗದಿದ್ದರೆ ಜನರ ದೂರು ಕೇಳಿ ತೀರ್ಪು ಕೊಡುವ ವಿಮಾ ಒಂಬುಡ್ಸ್‌ಮನ್. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಆಫೀಸು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು, ಅವರು ಕೊನೆಯದಾಗಿ ಇಲ್ಲ ಅಂದ ಮೇಲೆ ಒಂದು ವರ್ಷದ ಒಳಗೆ ಹೋಗಬೇಕು. 50 ಲಕ್ಷದವರೆಗಿನ ವಿಷಯ ನೋಡುತ್ತಾರೆ. ಫೀಸ್ ಇಲ್ಲ. ವಕೀಲರು ಬೇಡ, ಬರುವ ಹಾಗೂ ಇಲ್ಲ. ದೂರನ್ನು ಆನ್‌ಲೈನ್‌ನಲ್ಲೇ ಹಾಕಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತದೆ. ಮೈಸೂರಿಂದ ಬಸ್ ಹತ್ತಲೇಬೇಕು ಅಂತಿಲ್ಲ.

ಇಲ್ಲ, ಗ್ರಾಹಕ ಆಯೋಗಕ್ಕೇ ಹೋಗುತ್ತೇನೆ ಅಂದರೆ ಮೈಸೂರಲ್ಲೂ ಇದೆ, ಮಂಡ್ಯದಲ್ಲೂ ಇದೆ. ಎರಡು ವರ್ಷ ಸಮಯ. ಆದರೆ ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪದದ ಅರ್ಥದ ಜಗಳಕ್ಕೆ ಒಂಬುಡ್ಸ್‌ಮನ್ ಸಾಕು. ಆಯೋಗದಲ್ಲಿ ವರ್ಷ ಹಿಡಿಯಬಹುದು.

ಗುತ್ತಲು ರೋಡ್, ಮಂಡ್ಯ · ಡಿಸೆಂಬರ್ 3

ಸಾರ್, ನೀವು ನಿವೃತ್ತಿ ಆಗಿ ಎಷ್ಟು ವರ್ಷ ಆಯ್ತು? ಕಂಪನಿ ಕಡೆ ಇದ್ದಾಗಲೂ ಹೀಗೇ ಜನರಿಗೆ ಹೇಳುತ್ತಿದ್ದಿರಾ?

ಸಕ್ಕರೆ ಲೆಕ್ಕ, ಮಂಡ್ಯ · ಡಿಸೆಂಬರ್ 3

ಒಳ್ಳೇ ಜಾಗಕ್ಕೇ ಚುಚ್ಚಿದಿರಿ. ಆಗ ಕೇಳಿದವರಿಗೆ ಹೇಳುತ್ತಿದ್ದೆ. ಕೇಳದವರಿಗೆ ಹೇಳುತ್ತಿರಲಿಲ್ಲ. ಈಗ ಕೇಳದವರಿಗೂ ಹೇಳುತ್ತೇನೆ, ಮನೆಯಲ್ಲಿ ಅದಕ್ಕೇ ಬೈಸಿಕೊಳ್ಳುತ್ತೇನೆ.

ಬಿಸಿಲುಮಚ್ಚು, ಮೈಸೂರು · ಡಿಸೆಂಬರ್ 17

ಬಂತು!!

4ಕ್ಕೆ ಪೋರ್ಟಲ್‌ನಲ್ಲಿ ದೂರು ಹಾಕಿದೆ. 8ಕ್ಕೆ ಕಂಪನಿಯಿಂದ ಒಬ್ಬರು ಫೋನ್ ಮಾಡಿದರು. ತುಂಬಾ ಮರ್ಯಾದೆಯಿಂದ ಮಾತಾಡಿದರು, ಅದೇ ಅನುಮಾನ ಆಯ್ತು. ‘ಮೇಡಂ, ಗಂಡ ಹೇಗೆ ಟ್ರಾವೆಲಿಂಗ್ ಕಂಪ್ಯಾನಿಯನ್ ಆಗುತ್ತಾರೆ?’ ಅಂತ ಕೇಳಿದರು. ನಾನು ಸಕ್ಕರೆ ಲೆಕ್ಕ ಸರ್ ಹೇಳಿಕೊಟ್ಟಂತೆ, ‘ಪುಟ 7ರಲ್ಲಿ ಗಂಡನನ್ನು ಬಿಟ್ಟು ಅಂತ ಎಲ್ಲಿದೆ, ಓದಿ ಹೇಳಿ’ ಅಂದೆ. ಆ ಕಡೆ ಪುಟ ತಿರುವುವ ಸದ್ದು ಕೇಳಿಸಿತು. ಒಂದು ನಿಮಿಷ ಆದ ಮೇಲೆ ‘ಮತ್ತೆ ಪರಿಶೀಲಿಸುತ್ತೇವೆ’ ಅಂದರು.

ನಿನ್ನೆ ಖಾತೆಗೆ 80,366 ಬಂದಿದೆ. ನನ್ನದೂ ಮಗಳದೂ 40,183ರಂತೆ. ಮೊದಲಿನದು ಸೇರಿ 1,20,549. ತಲಾ 50 ಡಾಲರ್ ಮುರಿದಿದ್ದಾರೆ, ಅದು ಪಾಲಿಸಿಯಲ್ಲೇ ಇತ್ತು, ತಕರಾರಿಲ್ಲ.

ಸಕ್ಕರೆ ಲೆಕ್ಕ ಸರ್, ಮೈಸೂರಿಗೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಲೇಬೇಕು.

ಸಕ್ಕರೆ ಲೆಕ್ಕ, ಮಂಡ್ಯ · ಡಿಸೆಂಬರ್ 17

ಸಂತೋಷ ತಾಯಿ. ಓದಿದ್ದು ನೀವು, 46 ಪುಟ. ಊಟಕ್ಕೆ ಬರುತ್ತೇನೆ. ನನಗೂ ಶುಗರ್ ಇದೆ, ಹೋಳಿಗೆ ಅರ್ಧ ಸಾಕು.

ಅಗ್ರಹಾರ ಸರ್ಕಲ್ · ಡಿಸೆಂಬರ್ 17

ಭೇಷ್. ನಮ್ಮ ಹುಡುಗನಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ಈಗ ಕ್ಯಾನ್ಸಲೇಷನ್ ಲೆಟರ್‌ಗೆ ಒಂದು ನಮೂನೆ ಮಾಡಿ ಕಂಪ್ಯೂಟರ್‌ನಲ್ಲಿ ಇಟ್ಟಿದ್ದೇವೆ. ಬರೀ ಅಂಕಿ ತುಂಬಿದರೆ ಸಾಕು.

ವಿಶ್ವೇಶ್ವರಯ್ಯ ಕಾಲುವೆ · ಡಿಸೆಂಬರ್ 18

ನನ್ನದು ಇನ್ನೂ ಗ್ರೀವನ್ಸ್ ಆಫೀಸರ್ ಹತ್ತಿರವೇ ಇದೆ. ತಡದ ಕಾರಣ ಒಪ್ಪಿದ್ದೇವೆ, ಹೋಟೆಲ್ ಕಾಗದ ಕಳಿಸಿ ಅಂದಿದ್ದಾರೆ. ಬಾಗಿಲು ಅಷ್ಟು ತೆರೆದಿದೆ. ನೋಡೋಣ.

ಕುಕ್ಕರಹಳ್ಳಿ ವಾಕರ್ · ಡಿಸೆಂಬರ್ 18

ಎಲ್ಲಾ ಸರಿ, ಇಷ್ಟು ದಿನದಲ್ಲಿ ಅತ್ತೆ ಹೇಗಿದ್ದಾರೆ ಅಂತ ಯಾರೂ ಕೇಳಲೇ ಇಲ್ಲವಲ್ಲ?

ಬಿಸಿಲುಮಚ್ಚು, ಮೈಸೂರು · ಡಿಸೆಂಬರ್ 18

ವಾಕರ್ ಹಿಡಿದು ತುಳಸಿ ಕಟ್ಟೆವರೆಗೂ ಹೋಗಿ ಬರುತ್ತಾರೆ. ಆಪರೇಷನ್ ಖರ್ಚು ಅವರ ಹೆಲ್ತ್ ಪಾಲಿಸಿಯಲ್ಲಿ ಆಗಿತ್ತು, ಅದು ಬೇರೆ ಕಥೆ.

ನಿನ್ನೆ ದುಡ್ಡು ಬಂತು ಅಂತ ಹೇಳಿದಾಗ ‘ನನ್ನ ಸೊಂಟಕ್ಕೆ ಎಷ್ಟು ಕೊಟ್ಟರೇ?’ ಅಂದರು. 1,20,549 ಅಂದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಅದರಲ್ಲಿ ಮೊದಲು ಆ ಬಚ್ಚಲಿನ ಟೈಲ್ಸ್ ಕೀಳಿಸು’ ಅಂದರು. ಸೋಮವಾರ ಮೇಸ್ತ್ರಿ ಬರುತ್ತಾರೆ.